ಜಾತಿ ನಾಯಿಗೆ ಮನೆ ಬೇಕಾಗಿದೆ

ನಮ್ಮ ಜನಕ್ಕೆ ಲ್ಯಾಬ್ರಡಾರ್ ಮರಿ ಬೇಕು, ಲ್ಯಾಬ್ರಡಾರ್ ನಾಯಿ ಬೇಡ. ಮರಿ ಬೆಳೆದರೆ ನಾಯಿ ಆಗುತ್ತೆ ಅನ್ನೋದನ್ನ ಇವರಿಗೆ ಯಾರೂ ಹೇಳಿಕೊಟ್ಟಿಲ್ಲ ಅಂತ ಕಾಣುತ್ತೆ. ಹಾಗಾಗಿ ನನಗೆ ಇಂಥ ಪ್ರಸಂಗಗಳಿಗೆ ಯಾವತ್ತೂ ಬರ ಬಂದಿಲ್ಲ. ಒಂದು ಮುಗೀತಪ್ಪಾ ಅಂತ ಉಸಿರು ಬಿಡೋಷ್ಟರಲ್ಲಿ ಇನ್ನೊಂದು ಬಾಲ ಅಲ್ಲಾಡಿಸಿಕೊಂಡು ಬಂದು ನಿಂತಿರುತ್ತೆ.

ನಾನು ಹಾಸನ–ಚನ್ನರಾಯಪಟ್ಟಣ ರೂಟಿನ ಬಸ್ ಕಂಡಕ್ಟರು. ಒಂದ್ಸಲ ಶಾಂತಿಗ್ರಾಮದ ಬಸ್‌ಸ್ಟಾಪಿನ ಕಂಬಕ್ಕೆ ಯಾರೋ ಪುಣ್ಯಾತ್ಮರು ಕಟ್ಟಿಹೋಗಿದ್ದ ಲ್ಯಾಬ್ರಡಾರನ್ನ ಬಿಚ್ಚಿ, ನೀರು ಕುಡಿಸಿ, ದೊಡ್ಡಗದ್ದವಳ್ಳಿಯ ಒಬ್ಬ ರೈತರ ಮನೆಗೆ ಸೇರಿಸಿದ್ದೆ. ಅಷ್ಟಕ್ಕೇ 'ನಾಯಿ ಕಂಡಕ್ಟರಮ್ಮ' ಅಂತ ಹೆಸರು ಬಿತ್ತು. ಟಿಕೆಟ್ಟಿಗೆ ಚಿಲ್ಲರೆ ಕೊಡೋಕೆ ಅಳೋ ಜನ, ನಾಯಿ ಕೊಡೋಕೆ ಮಾತ್ರ ಕ್ಯೂ ನಿಂತುಬಿಟ್ರು. ಒಬ್ಬರಿಗೆ ಹೊಸ ಮನೆಯ ಬಿಳಿ ಟೈಲ್ಸ್ ಮೇಲೆ ಕೂದಲು ಎದ್ದು ಕಾಣುತ್ತಂತೆ. ಇನ್ನೊಬ್ಬರಿಗೆ "ತುಂಬಾ ಪ್ರೀತಿ ಮಾಡುತ್ತೆ ಮೇಡಂ, ತಡಕೊಳ್ಳೋಕೆ ಆಗಲ್ಲ" ಅಂತ ಕಷ್ಟ. ಮತ್ತೊಬ್ಬ ಮಹಾನುಭಾವ ಅಂಗೈ ಅಗಲಿಸಿ ತೋರಿಸಿ, "ತಂದಾಗ ಇಷ್ಟೇ ಇಷ್ಟಿತ್ತು ಕಣಮ್ಮ. ಮಾರಿದೋನು ಮೋಸ ಮಾಡ್ಬುಟ್ಟ" ಅಂದ. "ನಿಮ್ಮ ಮಗನೂ ಹುಟ್ಟಿದಾಗ ಅಷ್ಟೇ ಇದ್ದನಲ್ಲ ಸಾ, ಅವನನ್ನ ಯಾವ ಕಂಬಕ್ಕೆ ಕಟ್ತೀರಿ?" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗೋ ಹಾಗಿದ್ದಿದ್ರೆ ನನ್ನ ಹತ್ರ ಯಾಕೆ ಬರ್ತಿದ್ದ?

ಅವೆಲ್ಲ ಇರಲಿ. ಈಗ ಒಂದೇ ಒಂದು ನಾಯಿಯ ಕಥೆ ಹೇಳ್ತೀನಿ.

ಬಿಟ್ಟು ಹೋದ ಲಗೇಜು

ಒಂದು ಮಧ್ಯಾಹ್ನ ಚನ್ನರಾಯಪಟ್ಟಣದಿಂದ ಬಂದು ಹಾಸನ ಸ್ಟ್ಯಾಂಡಿನಲ್ಲಿ ಬಸ್ಸು ಖಾಲಿಯಾಯ್ತು. ಯಾರಾದ್ರೂ ಏನಾದ್ರೂ ಮರೆತು ಹೋಗಿದಾರಾ ಅಂತ ಹಿಂದಿನ ಸೀಟಿನ ತನಕ ಒಂದು ಸುತ್ತು ನೋಡೋದು ನನ್ನ ಅಭ್ಯಾಸ. ಕೊನೇ ಸೀಟಿನ ಕೆಳಗೆ ಕಪ್ಪು ಬ್ಯಾಗೊಂದು ಕಾಣಿಸ್ತು. ಬಗ್ಗಿ ಎಳೆಯೋಕೆ ಹೋದೆ, ಬ್ಯಾಗು ನನ್ನ ಕೈ ನೆಕ್ಕಿತು.

ಕಪ್ಪು ಲ್ಯಾಬ್ರಡಾರು, ಹೆಣ್ಣು, ಸೀಟಿನ ಕಾಲಿಗೆ ಹಗ್ಗ ಹಾಕಿ ಕಟ್ಟಿತ್ತು. ಅವತ್ತು ಬಸ್ಸಲ್ಲಿ ಉಸಿರಾಡೋಕೂ ಜಾಗ ಇರಲಿಲ್ಲ, ಹಿಂದಿನ ಬಾಗಿಲಲ್ಲಿ ಏನೇನು ಹತ್ತಿತೋ ದೇವರೇ ಬಲ್ಲ. ಕೂಲಿಂಗ್ ಗ್ಲಾಸ್ ಹಾಕ್ಕೊಂಡೋನೊಬ್ಬ ಶಾಂತಿಗ್ರಾಮದಲ್ಲಿ ಮುಂದಿನ ಬಾಗಿಲಿಂದ ಇಳಿದು, ತಿರುಗಿ ನೋಡದೆ ಓಡಿದ್ದು ಮಾತ್ರ ನೆನಪಿದೆ. ನಾಯಿ ದಾರಿಯುದ್ದಕ್ಕೂ ಒಂದು ಸಲವೂ ಬೊಗಳಿರಲಿಲ್ಲ. ಅದಕ್ಕೆ ಪುರುಸೊತ್ತೇ ಇರಲಿಲ್ಲ, ಸೀಟಿನ ರೆಕ್ಸಿನ್ನು ಹರಿದು ಒಳಗಿನ ಸ್ಪಂಜು ತಿನ್ನೋದರಲ್ಲಿತ್ತು.

ಬಸ್ಸಲ್ಲಿ ಸಿಕ್ಕಿದ್ದನ್ನ ಡಿಪೋಗೆ ಒಪ್ಪಿಸಬೇಕು ಅಂತ ರೂಲ್ಸು. ಒಪ್ಪಿಸೋಕೆ ಕರ್ಕೊಂಡು ಹೋದೆ.

"ಏನಮ್ಮಾ ಇದು?" ಅಂದ್ರು ಅಲ್ಲಿದ್ದ ಗುಮಾಸ್ತ ಬಾಬು.

"ಪ್ಯಾಸೆಂಜರು ಬಿಟ್ಟು ಹೋದ ಲಗೇಜು ಸಾ."

"ಲಗೇಜು ಅಂದ್ರೆ ಛತ್ರಿ, ಬ್ಯಾಗು, ಟಿಫನ್ ಕ್ಯಾರಿಯರು. ಇದು ನಾಯಿ."

"ನಾಯಿ ತಗೋಬಾರದು ಅಂತ ರೂಲ್ಸಲ್ಲಿದ್ಯಾ?"

ಬಾಬುಗೆ ರೂಲ್ಸ್ ಅಂದ್ರೆ ಪ್ರಾಣ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಯೋಚನೆ ಮಾಡಿದ್ರು. "ಕೊಳೆಯೋ ವಸ್ತು ಆದ್ರೆ ಅವತ್ತೇ ವಿಲೇವಾರಿ ಮಾಡ್ಬೇಕು. ಕೊಳೆಯದೇ ಇರೋದಾದ್ರೆ ಬೀರುಗೆ ಹಾಕಿ ಬೀಗ ಹಾಕ್ಬೇಕು. ಇದು ಯಾವುದಕ್ಕೆ ಬರುತ್ತೆ?"

ಅವರು ಕಣ್ಣು ಬಿಡೋಷ್ಟರಲ್ಲಿ ಮೇಜಿನ ಮೇಲಿದ್ದ ಚಿತ್ರಾನ್ನದ ಡಬ್ಬಿ ತೊಳೆದಿಟ್ಟಂಗಾಗಿತ್ತು. ಬಾಬು ಡಬ್ಬಿ ನೋಡಿದ್ರು, ನಾಯಿ ನೋಡಿದ್ರು. "ಮನೆಗೆ ಕರ್ಕೊಂಡ್ ಹೋಗಮ್ಮ. ಇದು ಕೊಳೆಯೋ ವಸ್ತು ಅಲ್ಲ. ಇದರ ಹತ್ರ ಇಟ್ಟಿದ್ದು ಯಾವುದೂ ಕೊಳೆಯೋ ತನಕ ಉಳಿಯಲ್ಲ!"

ಮನೆ ಓನರ್ರು

ಹಾಗೆ ಅದಕ್ಕೆ ಲಗೇಜು ಅಂತಲೇ ಹೆಸರಾಯ್ತು. ಮನೇಲಿ ನಾನು, ನಮ್ಮಮ್ಮ ಇಬ್ಬರೇ. ಅಮ್ಮ ಮೊದಲ ದಿನ "ತಂದ್ಯಾ ಇನ್ನೊಂದ?" ಅಂತ ಬೈದು, ಎರಡನೇ ದಿನಕ್ಕೆ ಅದರ ಪಕ್ಕ ಕೂತು ಧಾರಾವಾಹಿ ನೋಡೋಕೆ ಶುರು ಮಾಡಿದ್ಲು. ತೊಂದರೆ ಇದ್ದಿದ್ದು ಮಹಡಿ ಮೇಲೆ. ನಮ್ಮ ಓನರ್ರು ಮಹಡಿ ಮೆಟ್ಟಿಲ ಮೇಲೆ ನಿಂತುಕೊಂಡೇ ಮಾತಾಡೋ ಮನುಷ್ಯ. ಬಾಡಿಗೆದಾರರ ಮಟ್ಟಕ್ಕೆ ಇಳಿದವರಲ್ಲ. ಅಲ್ಲಿಂದಲೇ ತೀರ್ಪು ಕೊಟ್ರು: "ಯುಗಾದಿ ಒಳಗೆ ಆ ನಾಯಿ ಹೋಗ್ಬೇಕು. ಇಲ್ಲಾಂದ್ರೆ ನಾಯಿ ಜೊತೆ ನೀವಿಬ್ರೂ ಹೋಗ್ಬೇಕು. ಅದರ ಮುಖ ನೋಡಿದ್ರೇ ನನಗೆ ಆಗಿಬರಲ್ಲ."

"ಸಾ, ಬಹಳ ಸಾಧು..."

"ಸಾಧು ಆದ್ರೆ ಮಠಕ್ಕೆ ಸೇರ್ಸು."

ಬೀದಿಗೆ ಬಿಟ್ಟರೆ ಲಗೇಜು ಬದುಕೋ ನಾಯಿ ಅಲ್ಲ. ಲಾರಿಯೋನು ಹಾರನ್ ಹೊಡೆದರೆ ತನ್ನನ್ನೇ ಕರೀತಿದಾನೆ ಅಂತ ಖುಷಿಯಿಂದ ಎದುರಿಗೆ ಓಡೋ ಜೀವ ಅದು. ಒಂದು ಒಳ್ಳೇ ಮನೆ ಹುಡುಕಲೇಬೇಕು ಅಂತ, ಪಶು ಡಾಕ್ಟರಿಗೆ ತೋರಿಸಿ ವಯಸ್ಸು ಕೇಳಿಕೊಂಡು, ಫೋಟೊ ತೆಗೆದು 'ಲ್ಯಾಬ್ರಡಾರ್, ಹೆಣ್ಣು, ಆರು ವರ್ಷ, ಮನೆ ಬೇಕಾಗಿದೆ' ಅಂತ ಮೊಬೈಲಲ್ಲಿ ಸ್ಟೇಟಸ್ ಹಾಕಿದೆ. ಹಾಕಿದ್ದೇ ತಡ, ಫೋನು ಹೊಡ್ಕೊಳ್ಳೋಕೆ ಶುರುವಾಯ್ತು. ಅರ್ಧ ಜನರ ಪ್ರಶ್ನೆ ಕೇಳಿದ್ರೆ, ವಧುವರಾನ್ವೇಷಣೆಗೆ ಫೋನ್ ಮಾಡಿದೀವಿ ಅಂದುಕೊಂಡ ಹಾಗಿತ್ತು!

ಯಾವ ಜಾತಿ?

ಅರಕಲಗೂಡಿನಿಂದ ಒಬ್ಬರು ಫೋನ್ ಮಾಡಿದ್ರು. ದನಿ ಕೇಳಿದ್ರೇ ದೊಡ್ಡ ಮನೆತನ ಅಂತ ಗೊತ್ತಾಗೋ ಹಾಗೆ ಕೆಮ್ಮಿಕೊಂಡು ಮಾತು ಶುರು ಮಾಡಿದ್ರು.

"ಯಾವ ಜಾತಿ?"

"ಲ್ಯಾಬ್ರಡಾರ್ ಸಾ. ಅಪ್ಪಟ ಜಾತಿ ನಾಯಿ."

"ನಾಯಿದು ಗೊತ್ತಾಯ್ತು ಕಣಮ್ಮ. ನಿಮ್ದು ಯಾವ ಜಾತಿ?"

ಟಿಕೆಟ್ ಮಿಷನ್ನು ಕೈಯಿಂದ ಜಾರಬೇಕು, ಹಾಗಾಯ್ತು ನನಗೆ. "ನಾಯಿ ತಗೊಳ್ಳೋಕೆ ನನ್ನ ಜಾತಿ ಯಾಕೆ ಸಾ? ನೀವೇನು ಬೀಗತನ ಮಾಡ್ತಿದೀರಾ?"

"ಅಂಗಲ್ಲಮ್ಮ, ಬೇಜಾರ್ ಮಾಡ್ಕೋಬ್ಯಾಡಿ. ನಮ್ದು ಮಡಿ-ಮೈಲಿಗೆ ಇರೋ ಮನೆ. ನಾಯಿ ಇಷ್ಟು ದಿನ ಎಂಥೋರ ಮನೇಲಿ, ಯಾವ ಊಟ ತಿಂದು ಬೆಳೆದೈತೆ ಅಂತ ತಿಳ್ಕೊಬೇಕಲ್ವಾ?"

ಚಂದ್ರನ ಮೇಲೆ ಇಳಿದು ಬಂದ ಕಾಲದಲ್ಲಿ ಇವರಿಗೆ ನಾಯಿಯ ಊಟದ ಕುಲಗೋತ್ರ ಬೇಕಂತೆ. ಮೈಯೆಲ್ಲ ಉರಿದುಹೋಯ್ತು. ಆದರೂ ಹಲ್ಲು ಕಚ್ಚಿಕೊಂಡು ಹೇಳಿದೆ: "ಸಾ, ಇದು ಬಸ್ಸಲ್ಲಿ ಸಿಕ್ಕಿದ್ದು. ನಾನು ಕಣ್ಣಾರೆ ಕಂಡಂತೆ ಇದು ಮೊದಲು ತಿಂದಿದ್ದು ಸೀಟಿನ ರೆಕ್ಸಿನ್ನು, ಆಮೇಲೆ ಸ್ಪಂಜು. ಅದು ಯಾವ ಜಾತಿಯವರ ಊಟ ಅಂತ ನೀವೇ ಹೇಳಿ, ಬರ್ಕೋತೀನಿ."

ಹೆಂಗಸರಿಗೆ ಫ್ರೀ

ಹೊಳೆನರಸೀಪುರದಿಂದ ಒಬ್ಬರು "ಕರ್ಕೊಂಬನ್ನಿ ನೋಡಾನ" ಅಂದ್ರು. ರಜೆ ಹಾಕಿ, ಲಗೇಜನ್ನ ಕಟ್ಟಿಕೊಂಡು ಬಸ್ ಹತ್ತಿದೆ. ಆ ಬಸ್ಸಿನ ಕಂಡಕ್ಟರು ನನಗೆ ಪರಿಚಯದೋನೇ, ಆದರೂ ಜನದ ಮುಂದೆ ನಿಯತ್ತು ತೋರಿಸಬೇಕಲ್ಲ.

"ನಿಮಗೆ ಫ್ರೀ. ನಾಯಿಗೆ ಟಿಕೆಟ್ ತಗೊಳ್ಳಿ ಮೇಡಂ."

ಚೀಲಕ್ಕೆ ಕೈ ಹಾಕಿದೆ. ಪಕ್ಕದಲ್ಲಿ ಎಲೆ-ಅಡಿಕೆ ಹಾಕ್ಕೊಂಡು ಕೂತಿದ್ದ ಅಜ್ಜಿ ನನ್ನ ಕೈ ಹಿಡಿದುಬಿಟ್ಲು. "ಯಾಕವ್ವಾ ದುಡ್ಡು ಕೊಟ್ಟೀಯೆ? ಎಣ್ಣು ನಾಯಿ ತಾನೆ ಇದು? ಎಂಗುಸ್ರಿಗೆಲ್ಲ ಫ್ರೀ ಅಂತ ಸರ್ಕಾರದೋರೇ ಏಳವ್ರೆ."

"ಅಜ್ಜೀ, ಅದು ಮನುಷ್ಯರಿಗೆ," ಅಂದ ಕಂಡಕ್ಟರು.

"ಮನ್ಸ ಗಂಡುಸ್ರಿಗೂ ಕೊಟ್ಟಿಲ್ಲ. ಎಣ್ಣು ಅಂದ್ಮೇಲೆ ಎಣ್ಣೇ ಕಣ್ಲಾ."

ಬಸ್ಸೆಲ್ಲ ಅಜ್ಜಿ ಪಕ್ಷ ಸೇರಿಕೊಂಡಿತು. ನಿಂತುಕೊಂಡು ಬರ್ತಿದ್ದ, ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದ ಗಂಡಸರು ಮಾತ್ರ ನಾಯಿನ ದುರುಗುಟ್ಟಿ ನೋಡ್ತಿದ್ರು. ಕಂಡಕ್ಟರು ಬೆವರು ಒರೆಸಿಕೊಂಡು ತನ್ನ ಕೊನೇ ಅಸ್ತ್ರ ತೆಗೆದ: "ಹಾಗಾದ್ರೆ ಆಧಾರ್ ಕಾರ್ಡ್ ತೋರಿಸಲಿ. ಮುಖ ಹೊಂದಾಣಿಕೆ ಆಗ್ಬೇಕು."

ಅಜ್ಜಿ ಲಗೇಜಿನ ಗದ್ದ ಹಿಡಿದು ಅವನ ಕಡೆ ತಿರುಗಿಸಿದ್ಲು. "ಸರ್ಯಾಗಿ ನೋಡ್ಕಳ್ಲಾ. ನನ್ ಕಾರ್ಡ್‌ನಾಗಿರೋ ಮೂತಿಗಿಂತ ಇದೇ ವಾಸಿ ಐತೆ. ನನ್ನ ಒಪ್ಕಂಡೆ, ಇದನ್ಯಾಕ್ ಒಪ್ಕಳಾಕಿಲ್ಲ?"

ಆಪರೇಷನ್ನು

ಹೊಳೆನರಸೀಪುರದ ಮನೆ ಚೆನ್ನಾಗೇ ಇತ್ತು. ಅಂಗಳ, ನೆರಳು, ಕೊಟ್ಟಿಗೆ. ನನಗೂ ಒಂದು ಗಳಿಗೆ ಆಸೆಯಾಯ್ತು. ಯಜಮಾನ್ರು ಮೀಸೆ ತೀಡಿಕೊಂಡು ಬಂದು ಲಗೇಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ್ರು, ಸಂತೇಲಿ ಹಸು ನೋಡೋ ಹಾಗೆ. ಬಾಯಿ ಬಿಡಿಸಿ ಹಲ್ಲು ನೋಡಿದ್ರು. ಬೆನ್ನು ತಟ್ಟಿದ್ರು.

"ಒಂದು ಸೂಲಿಗೆ ಎಷ್ಟು ಮರಿ ಆಕ್ತದೆ?"

ಓಹೋ, ವಿಷಯ ಇಲ್ಲಿಗೆ ಬಂತಾ ಅಂದುಕೊಂಡೆ. "ಮರಿ ಹಾಕಲ್ಲ ಸಾ. ಆಪರೇಷನ್ ಆಗಿದೆ ಅಂತ ಡಾಕ್ಟ್ರು ನೋಡಿ ಹೇಳಿದಾರೆ."

ಅವರ ಮೀಸೆ ಇಳಿದುಹೋಯ್ತು. "ಆಪ್ರೇಸನ್ ಆಗದಾ? ಮೊದ್ಲೇ ಏಳ್ಬಾರ್ದಾ? ಮರಿ ಆಕ್ದೇ ಇರೋ ಎಣ್ಣು ನಾಯಿ ತಗಂಡು ಏನ್ಮಾಡಾನ? ಸುಮ್ನೆ ಕೂಡಾಕಿ ಅನ್ನ ಆಕಕ್ಕೆ ನಮಗೇನು ತಲೆ ಕೆಟ್ಟಿದ್ದಾ?"

ನಾನು ಬಾಯಿ ತೆಗೆಯೋಕೆ ಮೊದಲೇ ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದಾಯ್ತು. ಮನೆಯಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದ್ರು. "ಚಿಕ್ಕವ್ನು ಉಟ್ಟಿದ್ ವರ್ಸವೇ ನಂಗೂ ಆಪ್ರೇಸನ್ ಆಯ್ತು. ಅವತ್ತಿಂದ ಸುಮ್ನೆ ಕೂಡಾಕಿ ಅನ್ನ ಆಕ್ತಾ ಇದ್ದೀಯಾ ನೀನು? ಇವ್ರ ಜೊತೇಲೇ ಅದೇ ಬಸ್ಸಿಗೆ ನನ್ನೂ ಅತ್ತಿಸ್ಬುಡು!"

ಯಜಮಾನ್ರು ಎಮ್ಮೆಗೆ ನೀರು ತೋರಿಸೋ ನೆಪ ಹೇಳಿ ಹಿತ್ತಲಿಗೆ ಹೋದೋರು, ನಾವು ವಾಪಸ್ ಹೊರಡೋ ತನಕ ಬರಲೇ ಇಲ್ಲ. ಎಮ್ಮೆ ಮಾತ್ರ ನಮ್ಮ ಕಣ್ಣೆದುರಿಗೇ ಮುಂದಿನ ಅಂಗಳದಲ್ಲಿ ಕಟ್ಟಿತ್ತು.

ತೆಂಗಿನಕಾಯಿ ಕಾವಲು

ಚನ್ನರಾಯಪಟ್ಟಣದ ಹತ್ರ ಒಬ್ಬರಿಗೆ ತೆಂಗಿನ ತೋಟ. ಕಾಯಿ ಕಳುವಾಗ್ತಿತ್ತು, ಕಾವಲಿಗೆ ನಾಯಿ ಬೇಕಿತ್ತು.

"ಸಾ, ಲ್ಯಾಬ್ರಡಾರು ಕಾವಲಿಗೆ ಆಗೋ ನಾಯಿ ಅಲ್ಲ. ಕಳ್ಳ ಬಂದ್ರೆ ಒಳಗೆ ಬಾ ಅನ್ನುತ್ತೆ," ಅಂತ ಬಿಡಿಸಿ ಹೇಳಿದೆ.

"ಏ, ಜಾತಿ ನಾಯಿ ಕಣಮ್ಮ, ಅದ್ಕೆ ಎಲ್ಲಾ ರಕ್ತದಾಗೇ ಬಂದಿರ್ತದೆ," ಅಂದ್ರು. ಗೇಟಿಗೆ 'ಭಯಂಕರ ನಾಯಿ ಇದೆ, ಎಚ್ಚರಿಕೆ' ಅಂತ ಬೋರ್ಡು ಬರೆಸಿದ್ರು. ಲಗೇಜು ಆ ಬೋರ್ಡಿನ ಕೆಳಗೆ ಮಲಗಿ ಗೊರಕೆ ಹೊಡೀತಿತ್ತು. ಆದರೂ ಮನೆಯೋರೆಲ್ಲ ಅದನ್ನ ಪ್ರೀತಿಯಿಂದ ನೋಡ್ಕೋತಿದ್ರು. ಸದ್ಯ, ಒಂದು ನೆಲೆ ಸಿಕ್ತಲ್ಲ ಅಂತ ನಾನು ನೆಮ್ಮದಿಯಾಗಿದ್ದೆ. ಅಮ್ಮ ಮಾತ್ರ ಧಾರಾವಾಹಿ ನೋಡೋದನ್ನೇ ಬಿಟ್ಟಿದ್ಲು.

ವಾರ ಕಳೆಯೋಕಿಲ್ಲ, ಫೋನು ಬಂತು. "ಬಾರಮ್ಮ ಇಲ್ಲಿ! ಗುಡ್ಡೆ ಆಕಿದ್ ಕಾಯಿ ಎಲ್ಲಾ ಓಯ್ತು. ನಿನ್ ನಾಯಿ ಒಂದ್ಸಲ ಗುರ್ ಅಂದಿಲ್ಲ."

ಡ್ಯೂಟಿ ಮುಗಿಸಿ ಹೋದೆ. ಅಂಗಳದಲ್ಲಿ ತೋಟದ ಯಜಮಾನ್ರು, ಅವರ ಹೆಂಡತಿ, ಹೆಂಡತಿಯ ತಮ್ಮ ಮೂವರೂ ನಿಂತಿದ್ರು. ಬಾಮೈದ ಪಕ್ಕದೂರಿನಲ್ಲಿ ಲಗೇಜ್ ಆಟೋ ಓಡಿಸೋನು. ಭಾವನಿಗೆ ಕಷ್ಟ ಅಂತ ಕೇಳಿ ಓಡಿ ಬಂದಿದ್ದ. ಎಲ್ಲರಿಗಿಂತ ಜೋರಾಗಿ ಅವನೇ ಕೂಗಾಡ್ತಿದ್ದ. "ಇಂಥಾ ನಾಯಿನ ಯಾಕ್ ಸಾಕ್ತೀಯ ಭಾವ? ನಾನಂತೂ ಇದ್ರ ಮೂತಿನ ಇವತ್ತೇ ನೋಡ್ತಾ ಇರಾದು."

ಅಷ್ಟೊತ್ತಿಗೆ ಮನೆ ಹಿಂದಿನಿಂದ ಲಗೇಜು ಬಂತು. ನನ್ನನ್ನ ಕಂಡು ಓಡಿ ಬರುತ್ತೆ ಅಂತ ನಾನು ಕೈ ಚಾಚಿದೆ. ನನ್ನ ಕಡೆ ತಿರುಗಿಯೂ ನೋಡದೆ ಸೀದಾ ಬಾಮೈದನ ಹತ್ರ ಹೋಗಿ, ಕುಂಡೆ ಊರಿ ಕೂತು, ಅವನ ಪ್ಯಾಂಟಿನ ಬಲಗಡೆ ಜೇಬಿಗೆ ಮೂತಿ ತೂರಿಸಿ ಬಿಸ್ಕತ್ ಪೊಟ್ಟಣ ಎಳೆದುಕೊಂಡ್ತು. ಅದನ್ನ ಮುಗಿಸಿ, ಗೇಟಿನ ಹೊರಗೆ ನಿಂತಿದ್ದ ಅವನ ಆಟೋಗೆ ಹತ್ತಿ, ಹಿಂದುಗಡೆ ಮೂಲೇಲಿ ತನ್ನ ಮಾಮೂಲಿ ಸೀಟು ಅನ್ನೋ ಹಾಗೆ ಕೂತುಕೊಂಡ್ತು. ಸಾಲದ್ದಕ್ಕೆ ಅಲ್ಲೇ ಬಿದ್ದಿದ್ದ ಒಂದು ತೆಂಗಿನಕಾಯಿ ಕಚ್ಚಿಕೊಂಡು ನಮ್ಮೆಲ್ಲರ ಕಡೆ ನೋಡಿ ಬಾಲ ಬಡೀತು.

ಹೆಂಡತಿ ಗಂಡನ ಮುಖ ನೋಡಿದ ರೀತಿಗೆ, ಕಳ್ಳತನ ಮಾಡಿದೋನು ಗಂಡನೇ ಅನ್ನಬೇಕು ಹಾಗಿತ್ತು. ಯಜಮಾನ್ರು ಆಟೋದಿಂದ ನಾಯಿ ಇಳಿಸಿ, ಹಗ್ಗ ತಂದು ನನ್ನ ಕೈಗೆ ಕೊಟ್ರು.

"ಕರ್ಕೊಂಡ್ ಓಗ್ಬುಡಮ್ಮ. ನಾನು ಕೇಳಿದ್ದು ಕಳ್ಳರನ್ನ ಇಡ್ಯೋ ನಾಯಿ. ಇದು ನೆಂಟ್ರನ್ನ ಇಡೀತದೆ!"

ಮೇಷ ರಾಶಿ

ಯುಗಾದಿ ಬಂದೇಬಿಡ್ತು. ಲಗೇಜಿಗೂ ಮನೆ ಸಿಗಲಿಲ್ಲ. ನಾಯಿ ಅಂದ ಕೂಡಲೇ ಮುಚ್ಚಿಕೊಳ್ಳೋ ಬಾಗಿಲುಗಳ ದೆಸೆಯಿಂದ ನಮಗೂ ಊರೊಳಗೆ ಸಿಗಲಿಲ್ಲ. ಕೊನೆಗೆ ಬೈಪಾಸಿನಾಚೆ ಒಂದು ಶೀಟಿನ ಮನೆ ಒಪ್ಪಿಕೊಂಡು ಬಂದೆ. ಬಿಸಿಲಿಗೆ ಅಮ್ಮನಿಗೆ ಕಷ್ಟ ಆಗುತ್ತೆ ಅಂತ ನನಗೆ ಅಳುವೇ ಬಂದಿತ್ತು. ಅಮ್ಮ ಪಾತ್ರೆ ಮೂಟೆ ಕಟ್ಟುತ್ತಾ, "ಓದ್ರೆ ಮೂರು ಜನವೂ ಓಗಾದೇ ಕಣವ್ವ. ಬಾಯಿಲ್ಲದ್ ಜೀವನ ಬುಟ್ಟೋಗಕ್ಕೆ ನಾವೇನ್ ದೊಡ್ ಮನುಸ್ರಾ?" ಅಂದ್ಲು.

ಹಬ್ಬದ ಸಂಜೆ ಓನರ್ರು ಹೊಸ ಪಂಚೆ ಉಟ್ಟು ದೇವಸ್ಥಾನಕ್ಕೆ ಪಂಚಾಂಗ ಕೇಳೋಕೆ ಹೋದ್ರು. ಬರುವಾಗ ಮುಖ ಸುಣ್ಣ ಬಳಿದಂಗಿತ್ತು. ನಮ್ಮ ಕಡೆ ನೋಡದೆ ಮಹಡಿ ಹತ್ತಿದ್ರು.

ಮಾರನೇ ದಿನ ವರ್ಷದ ತೊಡಕು. ಊರಿಗೆ ಊರೇ ಮಟನ್ ಅಂಗಡಿ ಮುಂದೆ ನಿಂತಿರೋ ದಿನ ಸಾಮಾನು ಸಾಗಿಸೋಕೆ ಯಾವ ಗಾಡಿಯೋನು ಬರ್ತಾನೆ? ಮೂಟೆಗಳ ಮಧ್ಯೆ ಕೂತಿದ್ದೆವು. ಆಗ ಓನರ್ರು ಮೆಟ್ಟಿಲಿಳಿದು, ನಮ್ಮ ಹೊಸಿಲು ದಾಟಿ, ಒಳಗೆ ಬಂದ್ರು. ಇನ್ನೇನು ತಕರಾರೋ ಅಂತ ಎದ್ದು ನಿಂತೆ.

"ಅಮ್ಮಾ... ನಿಮ್ಮ ನಾಯಿ ಪೂರ್ತಿ ಕಪ್ಪಾ?"

"ಕಪ್ಪೇ ಸಾ. ಅದೂ ತಪ್ಪಾ?"

"ಎಲ್ಲೂ ಬಿಳಿ ಇಲ್ವಾ? ಕಾಲು? ಎದೆ? ಹೊಟ್ಟೆ ಕೆಳಗೆ?" ಮೊಬೈಲ್ ಟಾರ್ಚ್ ಹಾಕಿಕೊಂಡು ಹೊಸ ಪಂಚೆಯಲ್ಲೇ ನೆಲದ ಮೇಲೆ ಬೋರಲು ಮಲಗಿಬಿಟ್ರು. ಲಗೇಜಿಗೆ ಪರಮಾನಂದ. ಅವರ ಮುಖವನ್ನ ಕಿವಿಯಿಂದ ಕಿವಿಯ ತನಕ ನೆಕ್ಕಿತು. ಮುಖ ನೋಡಿದ್ರೇ ಆಗಿಬರಲ್ಲ ಅಂದಿದ್ದ ಮನುಷ್ಯ ಕಮಕ್ ಕಿಮಕ್ ಅನ್ನಲಿಲ್ಲ.

ಆಮೇಲೆ ಒಂದೊಂದೇ ಹೊರಗೆ ಬಂತು. ಓನರ್ರು ಮೇಷ ರಾಶಿ. ಈ ವರ್ಷದಿಂದ ಮೇಷಕ್ಕೆ ಸಾಡೇಸಾತಿ ಶುರು, ಏಳೂವರೆ ವರ್ಷ ಶನಿ ಕಾಟ. ಅದಕ್ಕೆ ಜೋಯಿಸರು ಪರಿಹಾರ ಹೇಳಿದ್ರಂತೆ: ಪ್ರತಿ ಶನಿವಾರ ಒಂದು ಕರಿ ನಾಯಿಗೆ ಸ್ವಂತ ಕೈಯಾರೆ ಎಳ್ಳೆಣ್ಣೆ ಸವರಿದ ಚಪಾತಿ ತಿನ್ನಿಸಬೇಕು. ಹುಟ್ಟಿನಿಂದ ಒಂದು ಬಿಳಿ ಮಚ್ಚೆಯೂ ಇರಬಾರದು. ಒಮ್ಮೆ ಶುರು ಮಾಡಿದ್ರೆ ಶನಿ ಬಿಡೋ ತನಕ ನಾಯಿ ಬದಲಾಯಿಸೋ ಹಾಗಿಲ್ಲ. ಬೆಳಿಗ್ಗೆಯಿಂದ ಸ್ಕೂಟರಲ್ಲಿ ಹಾಸನದ ಬೀದಿಯೆಲ್ಲ ಸುತ್ತಿದ್ರಂತೆ. ಸಿಕ್ಕಿದ ಕರಿ ನಾಯಿಗೆಲ್ಲ ಕಾಲಲ್ಲಿ ಬಿಳಿ ಸಾಕ್ಸು!

ಟಾರ್ಚು ಗದ್ದದ ಹತ್ರ ನಿಂತಿತು. "ಇದೇನಮ್ಮ, ಇಲ್ಲಿ ಬಿಳಿ?" ಅಂದ್ರು.

"ಅದು ನರೆ ಸಾ. ವಯಸ್ಸಾಯ್ತಲ್ಲ."

"ನನ್ನ ಹತ್ರ ಒಳ್ಳೇ ಡೈ ಇದೆ. ಒಂಚೂರು ಹಚ್ಚಿಬಿಡಲಾ?"

"ಬೇಡ ಸಾ. ನಿಮಗೆ ಹಚ್ಚಿರೋದು ನಮಗೇ ಗೊತ್ತಾಗುತ್ತೆ, ಶನಿ ಮಹಾತ್ಮನಿಗೆ ಗೊತ್ತಾಗಲ್ವಾ?"

ಜೋಯಿಸರಿಗೆ ಫೋನ್ ಹೋಯ್ತು. ಅವರೂ ತೊಡಕಿನ ದಿನ ಯಾಕೆ ರಗಳೆ ಅಂತಲೋ ಏನೋ, "ಮುಪ್ಪಿನ ನರೆಗೆ ದೋಷವಿಲ್ಲ" ಅಂದುಬಿಟ್ರು. ಓನರ್ರು ಕಣ್ಣೊರೆಸಿಕೊಂಡ್ರು.

ನಾನು ಮನಸ್ಸಿನೊಳಗೇ ಕೂಡಿಸಿ ನೋಡಿದೆ. ಲಗೇಜಿಗೆ ಈಗ ಆರು. ಶನಿ ಇರೋದು ಏಳೂವರೆ. ಲ್ಯಾಬ್ರಡಾರು ಹನ್ನೆರಡು-ಹದಿಮೂರು ಬದುಕಿದ್ರೆ ದೊಡ್ಡದು. ಅಂದ್ರೆ ಜೀವ ಇರೋ ತನಕ ಇದನ್ನ ಈ ಮನೆಯಿಂದ ಯಾರೂ ಅಲ್ಲಾಡಿಸೋಕೆ ಆಗಲ್ಲ. ಜನ್ಮದಲ್ಲಿ ಮೊದಲ ಸಲ ಶನಿ ದೇವರಿಗೆ ಮನಸಾರೆ ಕೈ ಮುಗಿದೆ.

ಆದರೆ ಇಷ್ಟು ದಿನ ಆಟ ಆಡಿಸಿದ ಮನುಷ್ಯನನ್ನ ಸುಮ್ಮನೆ ಬಿಡೋಕೆ ನನ್ನ ನಾಲಿಗೆ ಒಪ್ಪಬೇಕಲ್ಲ. ಮುಖ ಗಂಟು ಹಾಕಿಕೊಂಡು, "ಸಾ, ಇವತ್ತು ಗಾಡಿ ಸಿಗಲಿಲ್ಲ. ನಾಳೆ ಬೆಳಿಗ್ಗೆ ಖಾಲಿ ಮಾಡ್ತೀವಿ. ನೀವು ಹೇಳಿದ ಮೇಲೆ ಮುಗೀತು," ಅಂದೆ.

ಓನರ್ರು ಗಾಬರಿಯಿಂದ ಲಗೇಜಿನ ಕತ್ತು ತಬ್ಬಿಕೊಂಡ್ರು. ನನ್ನನ್ನ, ಅಮ್ಮನನ್ನ, ಕಟ್ಟಿಟ್ಟ ಮೂಟೆಗಳನ್ನ ಒಂದೊಂದಾಗಿ ನೋಡಿದ್ರು. ಆಮೇಲೆ ಬಹಳ ಉದಾರ ಮನಸ್ಸಿನಿಂದ ಹೇಳಿದ್ರು:

"ನಿಮಗೆ ಹೋಗಲೇಬೇಕು ಅಂತಿದ್ರೆ ನೀವಿಬ್ರೂ ಹೋಗಿ ತಾಯಿ, ನಾನು ತಡೆಯಲ್ಲ. ನಾಯಿ ಇರಲಿ. ಅದಕ್ಕೆ ಬಾಡಿಗೆ ಬೇಡ."